ಮೆದುಳಿನ ಡಾಕ್ಟರು ಹಾರ್ವೆ ಕುಶಿಂಗ್

ನಮ್ಮ ಗೋಡೆ ಪತ್ರಿಕೆಯಲ್ಲಿ ಗಾಂಧೀಜಿ, ವಿಶ್ವೇಶ್ವರಯ್ಯ ಅವರ ಬಗ್ಗೆ ತುಂಬ ಜನ ಬರೆದಿದ್ದಾರೆ. ನಾನು ಈ ಸಲ ಮೆದುಳಿಗೆ ಆಪರೇಷನ್ ಮಾಡುವುದನ್ನು ಲೋಕಕ್ಕೆ ಕಲಿಸಿದ ಡಾಕ್ಟರ ಬಗ್ಗೆ ಬರೆದಿದ್ದೇನೆ.

ಹಾರ್ವೆ ಕುಶಿಂಗ್ ಅವರು 1869ನೇ ಇಸವಿ ಏಪ್ರಿಲ್ 8ರಂದು ಅಮೆರಿಕದ ಕ್ಲೀವ್‌ಲ್ಯಾಂಡ್ ಎಂಬ ಊರಿನಲ್ಲಿ ಹುಟ್ಟಿದರು. ಹತ್ತು ಮಕ್ಕಳಲ್ಲಿ ಇವರೇ ಕೊನೆಯವರು. ತಂದೆ, ತಾತ, ಮುತ್ತಾತ ಎಲ್ಲರೂ ಡಾಕ್ಟರೇ. ಇವರೂ ಹಾರ್ವರ್ಡ್‌ನಲ್ಲಿ ಓದಿ 1895ರಲ್ಲಿ ಡಾಕ್ಟರಾದರು.

ಓದುವಾಗಲೇ ಒಂದು ದುಃಖದ ಸಂಗತಿ ನಡೆಯಿತು. ಇವರು ಈಥರ್ ಕೊಟ್ಟು ಮತ್ತು ಬರಿಸಿದ್ದ ರೋಗಿ ಸತ್ತುಹೋದರು. ಕುಶಿಂಗ್ ಬಹಳ ನೊಂದರು. ಆದರೆ ಸುಮ್ಮನೆ ಕೂರಲಿಲ್ಲ. ಗೆಳೆಯ ಕಾಡ್‌ಮನ್ ಜೊತೆ ಸೇರಿ, ಆಪರೇಷನ್ ನಡೆಯುವಾಗ ರೋಗಿಯ ನಾಡಿ ಎಷ್ಟಿದೆ, ಉಸಿರು ಎಷ್ಟಿದೆ ಅಂತ ನೋಡಿ ನೋಡಿ ಹಾಳೆಯಲ್ಲಿ ಬರೆದಿಡುವ ಪದ್ಧತಿ ತಂದರು. 1901ರಲ್ಲಿ ಇಟಲಿಯಲ್ಲಿ ರಕ್ತದ ಒತ್ತಡ ಅಳೆಯುವ ಸಾಧನ ನೋಡಿ ಅದನ್ನೂ ಅಮೆರಿಕಕ್ಕೆ ತಂದರು. ನರ್ಸಮ್ಮ ನಮ್ಮ ತೋಳಿಗೆ ಪಟ್ಟಿ ಸುತ್ತಿ ಗಾಳಿ ಒತ್ತುತ್ತಾರಲ್ಲ, ಅಂಥದ್ದೇ.

ಆ ಕಾಲದಲ್ಲಿ ಮೆದುಳಿನ ಗೆಡ್ಡೆ ಅಂದರೆ ಬದುಕುವ ಆಸೆ ಬಿಟ್ಟ ಹಾಗೆ. ತಲೆ ಕುಯ್ದರೆ ರಕ್ತ ನಿಲ್ಲುತ್ತಿರಲಿಲ್ಲ. ಕುಶಿಂಗ್ 1911ರಲ್ಲಿ ರಕ್ತನಾಳ ಹಿಡಿಯುವ ಪುಟ್ಟ ಬೆಳ್ಳಿ ಕ್ಲಿಪ್ಪು ಕಂಡುಹಿಡಿದರು. 1926ರಲ್ಲಿ ಬೋವಿ ಎಂಬವರು ಮಾಡಿದ ಕರೆಂಟಿನ ಉಪಕರಣದಿಂದ ರಕ್ತ ನಿಲ್ಲಿಸಿದರು. 1931ರ ಹೊತ್ತಿಗೆ 2000 ಗೆಡ್ಡೆಗಳ ಲೆಕ್ಕ ಮುಟ್ಟಿತು. ಅವರ ಕೈಯಲ್ಲಿ ಸಾಯುವವರು ಬಹಳ ಕಡಿಮೆಯಾದರು.

ಆದರೆ ಮಕ್ಕಳಿಗೆ ಬರುವ ಒಂದು ಗೆಡ್ಡೆ ಇವರಿಗೂ ಸೋಲಲಿಲ್ಲ. ಅದು ತಲೆಯ ಹಿಂದೆ ಕಿರುಮೆದುಳಿನಲ್ಲಿ ಬೆಳೆಯುತ್ತದೆ. 1925ರಲ್ಲಿ ಕುಶಿಂಗ್ ಮತ್ತು ಬೈಲಿ ಸೇರಿ ಅದಕ್ಕೆ ಮೆಡುಲ್ಲೋಬ್ಲಾಸ್ಟೋಮ ಅಂತ ಹೆಸರಿಟ್ಟರು. ಆಪರೇಷನ್ ಮಾಡಿದರೂ, ಎಕ್ಸ್‌ರೇ ಕಿರಣ ಕೊಟ್ಟರೂ ಹೆಚ್ಚಿನ ಮಕ್ಕಳು ಉಳಿಯಲಿಲ್ಲ. ಕುಶಿಂಗ್ ಅದನ್ನು ಮುಚ್ಚಿಡಲಿಲ್ಲ. 1930ರಲ್ಲಿ ಎಲ್ಲವನ್ನೂ ಬರೆದು ಪ್ರಕಟಿಸಿದರು. ಗೆಡ್ಡೆಗಳನ್ನೂ ತೀರಿಕೊಂಡವರ ಮೆದುಳುಗಳನ್ನೂ ಗಾಜಿನ ಜಾಡಿಗಳಲ್ಲಿ ಜೋಪಾನ ಮಾಡಿದರು. 2010ರಿಂದ ಅವನ್ನು ಯೇಲ್ ವಿಶ್ವವಿದ್ಯಾಲಯದಲ್ಲಿ ಜನರು ನೋಡಲು ಇಟ್ಟಿದ್ದಾರೆ. ಇವರ ಬರಹ ಓದಿಕೊಂಡೇ ಮುಂದಿನ ಡಾಕ್ಟರುಗಳು ದಾರಿ ಹುಡುಕಿದರು. ಈಗ ಸರಿಯಾದ ಚಿಕಿತ್ಸೆ ಸಿಕ್ಕರೆ ಹತ್ತು ಮಕ್ಕಳಲ್ಲಿ ಆರೇಳು ಮಕ್ಕಳು ಐದು ವರ್ಷ ದಾಟಿ ಬದುಕುತ್ತಾರೆ.

ನಮ್ಮ ದೊಡ್ಡವ್ವನ ಮೊಮ್ಮಗನಿಗೆ ಇದೇ ಕಾಯಿಲೆ ಬಂದಿತ್ತು. ಬೆಳಿಗ್ಗೆ ಎದ್ದ ತಕ್ಷಣ ತಲೆನೋವು, ವಾಂತಿ. ನಡೆದರೆ ತೂರಾಡುತ್ತಿದ್ದ. ಮನೆಯವರು ಪಿತ್ತ ಅಂದರು, ದೃಷ್ಟಿ ತೆಗೆದರು, ತಾಯತ ಕಟ್ಟಿಸಿದರು. ಎರಡು ತಿಂಗಳು ಹಂಗೇ ಹೋಯ್ತು. ಆಮೇಲೆ ದೊಡ್ಡ ಆಸ್ಪತ್ರೆಯಲ್ಲಿ ಆಪರೇಷನ್ ಆಯ್ತು. ಈಗ ಮೂರನೇ ಕ್ಲಾಸು ಓದುತ್ತಿದ್ದಾನೆ. ಕುಶಿಂಗ್ ನಮಗೆ ಯಾರೂ ಅಲ್ಲ. ಆದರೂ ಅವರ ಋಣ ನಮ್ಮ ಮನೆ ಮೇಲಿದೆ ಅಂತ ನನಗೆ ಅನ್ನಿಸುತ್ತದೆ.

ಕುಶಿಂಗ್ 1939ರ ಅಕ್ಟೋಬರ್ 7ರಂದು ತೀರಿಕೊಂಡರು. ಆಮೇಲೆ ಪರೀಕ್ಷೆ ಮಾಡಿದಾಗ ಅವರ ಮೆದುಳಿನಲ್ಲೂ ಒಂದು ಸಣ್ಣ ಗುಳ್ಳೆ ಸಿಕ್ಕಿತು!

ಗೆಳೆಯರೇ, ನಿಮ್ಮ ತಮ್ಮ ತಂಗಿಯರಿಗೆ ದಿನಾ ಬೆಳಿಗ್ಗೆ ತಲೆನೋವು, ವಾಂತಿ ಬಂದು, ನಡಿಗೆ ತಪ್ಪಿದರೆ ತಡ ಮಾಡಬೇಡಿ. ಮೊದಲು ಡಾಕ್ಟರಿಗೆ ತೋರಿಸಿ ಅಂತ ಮನೆಯಲ್ಲಿ ಹೇಳಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂಥ ಆಪರೇಷನ್ ಮಾಡುತ್ತಾರೆ.

— 7ನೇ ತರಗತಿ, ಶೀಳನೆರೆ