ನ್ಯಾಯಮೂರ್ತಿ ಇ. ಎಸ್. ವೆಂಕಟರಾಮಯ್ಯ

ಮಂಡ್ಯ ಜಿಲ್ಲೆಯ ಹೆಸರು ಕೇಳಿದೊಡನೆ ಕಬ್ಬಿನ ಗದ್ದೆಗಳೂ ಕನ್ನಂಬಾಡಿ ಕಟ್ಟೆಯೂ ಬಸರಾಳಿನ ಹೊಯ್ಸಳ ದೇವಾಲಯವೂ ಕಣ್ಣ ಮುಂದೆ ನಿಲ್ಲುತ್ತವೆ. ಇದೇ ಜಿಲ್ಲೆಯ ಪಾಂಡವಪುರ ತಾಲ್ಲೂಕಿನ ಇಂಗಲಗುಪ್ಪೆ ಎಂಬ ಗ್ರಾಮವು ಭಾರತಕ್ಕೆ ಹತ್ತೊಂಬತ್ತನೆಯ ಮುಖ್ಯ ನ್ಯಾಯಮೂರ್ತಿಯನ್ನು ನೀಡಿತು. ಅವರೇ ಇ. ಎಸ್. ವೆಂಕಟರಾಮಯ್ಯನವರು.

ವೆಂಕಟರಾಮಯ್ಯನವರು 1924ರ ಡಿಸೆಂಬರ್ 18ರಂದು ಜನಿಸಿದರು. ಕಾನೂನು ವ್ಯಾಸಂಗವನ್ನು ಮುಗಿಸಿ ವಕೀಲಿ ವೃತ್ತಿಯನ್ನು ಕೈಗೊಂಡು ಹೆಸರು ಗಳಿಸಿದರು. 1970ರಲ್ಲಿ ಮೈಸೂರು ರಾಜ್ಯದ ಅಡ್ವೊಕೇಟ್ ಜನರಲ್ ಆದರು; ಅದೇ ವರ್ಷ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. 1979ರಲ್ಲಿ ಸರ್ವೋಚ್ಚ ನ್ಯಾಯಾಲಯದ ಪೀಠವನ್ನೇರಿದರು.

ನ್ಯಾಯಾಧೀಶರು ಓದಿರುವುದು ಕಾನೂನನ್ನು. ಆದರೆ ಅವರ ಮುಂದೆ ಬರುವ ಮೊಕದ್ದಮೆಗಳು ಕಾನೂನಿನ ಪುಸ್ತಕದೊಳಗೇ ಮುಗಿಯುವುದಿಲ್ಲ. ಸಾವು ವಿಷದಿಂದ ಆಯಿತೇ, ಪತ್ರದಲ್ಲಿರುವ ಸಹಿ ಯಾರದು, ನದಿಯ ನೀರು ಕೆಟ್ಟಿದೆಯೇ ಎಂಬಂಥ ಪ್ರಶ್ನೆಗಳಿಗೆ ವೈದ್ಯರೂ ವಿಜ್ಞಾನಿಗಳೂ ಉತ್ತರ ಹೇಳಬೇಕಾಗುತ್ತದೆ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮವು ತನ್ನ 45ನೆಯ ಪ್ರಕರಣದಲ್ಲಿ ಇಂತಹ ತಜ್ಞರ ಅಭಿಪ್ರಾಯಕ್ಕೆ ಸ್ಥಾನ ಕೊಟ್ಟಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಹೊಸ ಸಾಕ್ಷ್ಯ ಅಧಿನಿಯಮದ 39ನೆಯ ಪ್ರಕರಣದಲ್ಲಿಯೂ ಆ ನಿಯಮ ಉಳಿದಿದೆ. ಆದರೆ ತಜ್ಞನು ಸಾಕ್ಷಿಯೇ ಹೊರತು ತೀರ್ಪುಗಾರನಲ್ಲ. ಅವನು ಕಂಡುದೇನು, ಅಳೆದುದು ಹೇಗೆ, ಯಾವ ಕಾರಣದಿಂದ ಆ ನಿರ್ಣಯಕ್ಕೆ ಬಂದನು ಎಂಬುದನ್ನು ನ್ಯಾಯಾಧೀಶರು ಪರಿಶೀಲಿಸಬೇಕು. ಕಾರಣವಿಲ್ಲದ ಅಭಿಪ್ರಾಯಕ್ಕೆ ತೂಕವಿಲ್ಲ. ಕಾರಣವುಳ್ಳ ಅಭಿಪ್ರಾಯವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ.

ಈ ಹೊಣೆಯನ್ನು ವೆಂಕಟರಾಮಯ್ಯನವರು ನಿರ್ವಹಿಸಿದ ಬಗೆಯನ್ನು ಗಂಗಾನದಿಯ ಮೊಕದ್ದಮೆಯಲ್ಲಿ ಕಾಣಬಹುದು. ಗಂಗೆಯು ಮಲಿನವಾಗುತ್ತಿರುವುದನ್ನು ತಡೆಯಬೇಕೆಂದು ಎಂ. ಸಿ. ಮೆಹ್ತಾ ಎಂಬ ವಕೀಲರು 1985ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ಉತ್ತರ ಪ್ರದೇಶದ ಕಾನ್ಪುರದಲ್ಲಿ, ಜಾಜ್‌ಮೌ ಬಡಾವಣೆಯ ಬಳಿ, ಚರ್ಮ ಹದಮಾಡುವ ಕಾರ್ಖಾನೆಗಳು ತಮ್ಮ ಕೊಳೆನೀರನ್ನು ನದಿಗೆ ಬಿಡುತ್ತಿದ್ದವು. ವೆಂಕಟರಾಮಯ್ಯನವರೂ ಕೆ. ಎನ್. ಸಿಂಗ್ ಅವರೂ ಆ ಮೊಕದ್ದಮೆಯ ವಿಚಾರಣೆ ನಡೆಸಿದರು.

ಪೀಠದ ಮುಂದೆ ತಜ್ಞರ ವರದಿಗಳೂ ಅಧಿಕಾರಿಗಳ ಪ್ರಮಾಣಪತ್ರಗಳೂ ಇದ್ದವು. ಚರ್ಮದ ಕಾರ್ಖಾನೆಯ ಕೊಳೆನೀರು ಮನೆಗಳ ಚರಂಡಿಯ ನೀರಿಗಿಂತ ಹತ್ತು ಪಟ್ಟು ಹಾನಿಕರವೆಂಬುದು ಅಲ್ಲಿ ಹೊರಪಟ್ಟಿತು. ಕಾರ್ಖಾನೆಗಳ ಪರ ವಕೀಲರೂ ಇದನ್ನು ಅಲ್ಲಗಳೆಯಲಿಲ್ಲ. ಶುದ್ಧೀಕರಣದಲ್ಲಿ ಎರಡು ಹಂತಗಳಿವೆ. ಮೊದಲ ಹಂತದಲ್ಲಿ ಘನಕಲ್ಮಷವನ್ನು ತಂಗಿಸಿ ತೆಗೆಯಲಾಗುತ್ತದೆ. ಎರಡನೆಯದರಲ್ಲಿ ಉಳಿದ ಕೊಳೆಯನ್ನು ಸೂಕ್ಷ್ಮಜೀವಿಗಳ ನೆರವಿನಿಂದ ಕಳೆಯಲಾಗುತ್ತದೆ. ಎರಡನೆಯ ಹಂತದ ವೆಚ್ಚವನ್ನು ಭರಿಸಲಾರೆವೆಂದು ಕಾರ್ಖಾನೆಗಳವರು ವಾದಿಸಿದರು.

ಇಲ್ಲಿ ವೆಂಕಟರಾಮಯ್ಯನವರು ಎರಡು ಪ್ರಶ್ನೆಗಳನ್ನು ಬೇರೆಬೇರೆಯಾಗಿ ನೋಡಿದರು. ನೀರು ಎಷ್ಟು ಕೆಟ್ಟಿದೆ, ಅದನ್ನು ಶುದ್ಧಗೊಳಿಸುವ ಮಾರ್ಗವಿದೆಯೇ ಎಂಬುದು ವಿಜ್ಞಾನದ ಪ್ರಶ್ನೆ. ಹಣವಿಲ್ಲವೆಂಬ ಕಾರಣಕ್ಕೆ ನದಿಯನ್ನು ಕೆಡಿಸಬಹುದೇ ಎಂಬುದು ನ್ಯಾಯದ ಪ್ರಶ್ನೆ. ಮೊದಲನೆಯದಕ್ಕೆ ಅವರು ತಜ್ಞರಿಗೆ ಕಿವಿಗೊಟ್ಟರು. ಎರಡನೆಯದನ್ನು ತಾವೇ ನಿರ್ಣಯಿಸಿದರು. ಕೆಲಸಗಾರರಿಗೆ ಕನಿಷ್ಠ ಕೂಲಿ ಕೊಡಲಾರದ ಉದ್ಯಮಕ್ಕೆ ಹೇಗೆ ಉಳಿಯುವ ಹಕ್ಕಿಲ್ಲವೋ ಹಾಗೆಯೇ ಪ್ರಾಥಮಿಕ ಶುದ್ಧೀಕರಣ ಘಟಕವನ್ನೂ ಸ್ಥಾಪಿಸಲಾರದ ಕಾರ್ಖಾನೆಯು ಮುಂದುವರಿಯಲಾಗದೆಂದು 1987ರ ಸೆಪ್ಟೆಂಬರ್ 22ರ ತೀರ್ಪಿನಲ್ಲಿ ಸಾರಿದರು. ಕಾರ್ಖಾನೆಗಳು ಮುಚ್ಚಿದರೆ ಕೆಲಸಗಾರರ ಜೀವನಕ್ಕೆ ಪೆಟ್ಟು ಬೀಳುವುದೆಂಬುದು ಪೀಠಕ್ಕೆ ತಿಳಿಯದ ಸಂಗತಿಯಾಗಿರಲಿಲ್ಲ. ಆದರೂ ಜನರ ಪ್ರಾಣ ಮತ್ತು ಆರೋಗ್ಯಗಳೇ ಹೆಚ್ಚಿನವೆಂದು ಸಿಂಗ್ ಅವರು ತಮ್ಮ ಸಮ್ಮತಿಯ ತೀರ್ಪಿನಲ್ಲಿ ಬರೆದರು.

ನದಿಯನ್ನು ಕೆಡಿಸುತ್ತಿದ್ದುದು ಕಾರ್ಖಾನೆಗಳಷ್ಟೇ ಅಲ್ಲ. ಕಾನ್ಪುರ ನಗರವೊಂದರಿಂದಲೇ ದಿನಕ್ಕೆ ಸುಮಾರು 2,745 ಲಕ್ಷ ಲೀಟರು ಚರಂಡಿ ನೀರು ಗಂಗೆಯನ್ನು ಸೇರುತ್ತಿದೆಯೆಂಬ ಲೆಕ್ಕವು ನ್ಯಾಯಾಲಯದ ಮುಂದೆ ಬಂದಿತು. 1988ರ ಜನವರಿ 12ರ ತೀರ್ಪಿನಲ್ಲಿ ನಗರಸಭೆಗಳ ಕರ್ತವ್ಯವನ್ನು ಅವರು ಒಂದೊಂದಾಗಿ ನಿಗದಿಪಡಿಸಿದರು. ಅಷ್ಟಕ್ಕೇ ನಿಲ್ಲದೆ, ದೇಶದ ಎಲ್ಲ ಶಾಲೆಗಳ ಮೊದಲ ಹತ್ತು ತರಗತಿಗಳಲ್ಲಿ ವಾರಕ್ಕೆ ಒಂದು ಗಂಟೆ ಕಾಡು, ಕೆರೆ, ನದಿ, ವನ್ಯಜೀವಿಗಳ ರಕ್ಷಣೆಯ ಪಾಠ ನಡೆಯುವಂತೆ ನೋಡಿಕೊಳ್ಳಬೇಕೆಂದು ಕೇಂದ್ರ ಸರ್ಕಾರಕ್ಕೆ ಸೂಚಿಸಿದರು. ಅದಕ್ಕೆ ಬೇಕಾದ ಪುಸ್ತಕಗಳನ್ನು ಮಕ್ಕಳಿಗೆ ಉಚಿತವಾಗಿ ಹಂಚಬೇಕೆಂದೂ ಹೇಳಿದರು. ನ್ಯಾಯಪೀಠಕ್ಕೆ ಬೇಕಾದ ತಿಳಿವಳಿಕೆ ಹಳ್ಳಿಯ ಶಾಲೆಯ ಮಗುವಿಗೂ ದೊರೆಯಬೇಕೆಂಬ ಆಶಯ ಆ ಸೂಚನೆಯಲ್ಲಿ ಅಡಗಿದೆ.

1989ರ ಜೂನ್ 19ರಂದು ಮುಖ್ಯ ನ್ಯಾಯಮೂರ್ತಿಗಳಾದ ವೆಂಕಟರಾಮಯ್ಯನವರು ಅದೇ ವರ್ಷ ಡಿಸೆಂಬರಿನಲ್ಲಿ ನಿವೃತ್ತರಾದರು, 1997ರಲ್ಲಿ ನಿಧನರಾದರು. ಒಂದು ತೀರ್ಪಿನಿಂದ ಗಂಗೆ ತಿಳಿಯಾಗಲಿಲ್ಲ. ಆ ಕೆಲಸ ಇನ್ನೂ ಮುಗಿದಿಲ್ಲ. ಆದರೆ ದಾರಿಯೊಂದು ತೆರೆಯಿತು. 2010ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯಲ್ಲಿ ನ್ಯಾಯಾಧೀಶರೂ ವಿಜ್ಞಾನ ಬಲ್ಲ ತಜ್ಞರೂ ಒಂದೇ ಪೀಠದಲ್ಲಿ ಕುಳಿತು ಮೊಕದ್ದಮೆಗಳನ್ನು ತೀರ್ಮಾನಿಸುತ್ತಾರೆ.

ಬಲ್ಲವರ ಮಾತನ್ನು ವಿನಯದಿಂದ ಕೇಳುವುದು, ಕೇಳಿದ್ದನ್ನು ಎಚ್ಚರದಿಂದ ತೂಗುವುದು, ತೂಗಿದ ಮೇಲೆ ನಿರ್ಣಯದ ಹೊಣೆಯನ್ನು ತಾನೇ ಹೊರುವುದು: ಇಂಗಲಗುಪ್ಪೆಯ ಆ ಮಹನೀಯರ ಬಾಳಿನಿಂದ ಕಲಿಯಬಹುದಾದ ಈ ಮೂರು ಗುಣಗಳು ನ್ಯಾಯಪೀಠಕ್ಕೆ ಮಾತ್ರವಲ್ಲ, ವಿವೇಕವುಳ್ಳ ಪ್ರತಿಯೊಬ್ಬ ಪ್ರಜೆಗೂ ಭೂಷಣ.