ಉಳುಮೆಗೆ ಬಾರದ ಮರಳು ನೆಲದಲ್ಲಿ ಗಾಲ್ಫ್ ಮೈದಾನ ಕಂಡ ಟಾಮ್ ಮಾರಿಸ್

ಗಾಲ್ಫ್ ಅಂದ್ರೆ ಇವತ್ತು ದುಡ್ಡಿದ್ದವರ ಆಟ. ನೂರಾರು ಎಕರೆ ಹುಲ್ಲುಹಾಸು, ಜೆಸಿಬಿ ಹಚ್ಚಿ ಎಬ್ಬಿಸಿದ ದಿಬ್ಬ, ತೋಡಿಸಿದ ಕೆರೆ ಕಣ್ಮುಂದೆ ಬರುತ್ತೆ. ಆದರೆ ಈ ಆಟ ಬೆಳೆದಿದ್ದು ರೈತರು ಬೇಡ ಅಂತ ಬಿಟ್ಟ ಜಾಗದಲ್ಲಿ. ಅಂಥ ಜಾಗವನ್ನು ಕಣ್ಣಳತೆಯಲ್ಲೇ ಗುರುತಿಸಿ ಮೈದಾನ ಮಾಡಿಕೊಟ್ಟವರು ಸ್ಕಾಟ್ಲೆಂಡಿನ ಒಬ್ಬ ನೇಕಾರರ ಮಗ, ಟಾಮ್ ಮಾರಿಸ್.

ಅವರು ಹುಟ್ಟಿದ್ದು 1821ರ ಜೂನ್ 16ರಂದು, ಸಮುದ್ರದಂಡೆಯ ಸೇಂಟ್ ಆಂಡ್ರೂಸ್ ಊರಲ್ಲಿ. ಅಲ್ಲಿ ಸಮುದ್ರಕ್ಕೂ ಹೊಲಗಳಿಗೂ ನಡುವೆ ಇರುವ ಮರಳು ನೆಲಕ್ಕೆ ‘ಲಿಂಕ್ಸ್’ ಅಂತಾರೆ. ಉಪ್ಪುಗಾಳಿ, ಬರೀ ಮರಳು, ಬೆಳೆ ಬರಲ್ಲ. ಒಂಥರಾ ನಮ್ಮ ಗೋಮಾಳ ಇದ್ದ ಹಾಗೆ. ಕುರಿ ಮೇಯುತ್ತಿದ್ದವು, ಹೆಂಗಸರು ಬಟ್ಟೆ ಒಣಹಾಕುತ್ತಿದ್ದರು, ಜನ ಅಲ್ಲೇ ಗಾಲ್ಫ್ ಆಡುತ್ತಿದ್ದರು.

ಆಟಕ್ಕೆ ಆ ನೆಲವೇ ಸರಿ ಅನ್ನೋದಕ್ಕೆ ಕಾರಣಗಳಿದ್ದವು. ಎಷ್ಟೇ ಮಳೆ ಬಂದರೂ ಮರಳಲ್ಲಿ ನೀರು ಬೇಗ ಇಂಗುತ್ತೆ. ಕುರಿ, ಮೊಲ ಮೇದು ಹುಲ್ಲು ಗಿಡ್ಡವಾಗೇ ಇರುತ್ತೆ, ಕತ್ತರಿಸುವ ಯಂತ್ರ ಬೇಕಿಲ್ಲ. ಗಾಳಿಗೆ ಮರೆಯಾಗಿ ಕುರಿಗಳು ಮಲಗಿ ಮಲಗಿ ಆದ ಮರಳುಗುಂಡಿಗಳೇ ಮುಂದೆ ‘ಬಂಕರ್’ ಆದವು ಎನ್ನುತ್ತಾರೆ.

ಟಾಮ್ ಹದಿಹರೆಯದಲ್ಲೇ ಅಲನ್ ರಾಬರ್ಟ್‌ಸನ್ ಎಂಬ ಹೆಸರಾಂತ ಆಟಗಾರನ ಬಳಿ ಚೆಂಡು ಮಾಡುವ ಕೆಲಸಕ್ಕೆ ಸೇರಿದರು. ಚರ್ಮದ ಚೀಲಕ್ಕೆ ಹಕ್ಕಿ ಪುಕ್ಕ ತುರುಕಿ ಹೊಲಿಯುವ ಚೆಂಡು ಅದು. 1848ರ ಹೊತ್ತಿಗೆ ಮರದ ಅಂಟಿನಿಂದ ಮಾಡಿದ ಅಗ್ಗದ ಗಟ್ಟಾ ಪರ್ಚಾ ಚೆಂಡು ಬಂತು. ಟಾಮ್ ಅದರಲ್ಲಿ ಆಡಿದ್ದು ಮಾಲೀಕನಿಗೆ ಗೊತ್ತಾಗಿ ಜಗಳವಾಯ್ತು. ಟಾಮ್ ಕೆಲಸ ಬಿಟ್ಟರು.

1851ರಲ್ಲಿ ಪಶ್ಚಿಮ ಕರಾವಳಿಯ ಪ್ರೆಸ್ಟ್‌ವಿಕ್‌ನಲ್ಲಿ ಹೊಸ ಕ್ಲಬ್ ಶುರುವಾಗಿ ಅವರನ್ನು ಕರೆಸಿಕೊಂಡಿತು. ಸಿಕ್ಕ ಜಾಗ ಚಿಕ್ಕದು. ಟಾಮ್ ಮರಳದಿಬ್ಬ ಕಡಿಯಲಿಲ್ಲ, ತಗ್ಗು ತುಂಬಲಿಲ್ಲ. ದಿಬ್ಬದ ಮೇಲಿಂದ ಹೊಡೆತ, ತಗ್ಗಿನಲ್ಲಿ ಗ್ರೀನ್, ಒಂದು ದಾರಿಯನ್ನು ಇನ್ನೊಂದು ದಾಟುವಂತೆ ಮಾಡಿ 12 ಕುಳಿಗಳನ್ನು ಕೂಡಿಸಿದರು. 1860ರಲ್ಲಿ ಮೊದಲ ಓಪನ್ ಚಾಂಪಿಯನ್‌ಶಿಪ್ ನಡೆದಿದ್ದು ಅಲ್ಲೇ. ಟಾಮ್ ಎರಡನೆಯವರಾದರು. ಆಮೇಲೆ 1861, 1862, 1864, 1867ರಲ್ಲಿ ಗೆದ್ದರು. 46ನೇ ವಯಸ್ಸಿನ ಆ ಕೊನೇ ಗೆಲುವಿನ ದಾಖಲೆಯನ್ನು ಇವತ್ತಿಗೂ ಯಾರೂ ಮುರಿದಿಲ್ಲ.

ಅಷ್ಟರಲ್ಲಿ ಹುಟ್ಟೂರು ವಾಪಸ್ ಕರೆದಿತ್ತು. ವರ್ಷಕ್ಕೆ 50 ಪೌಂಡ್ ಸಂಬಳ, ಮೈದಾನ ನೋಡಿಕೊಳ್ಳುವ ಕೆಲಸ. ಹುಲ್ಲಿನ ಮೇಲೆ ತೆಳುವಾಗಿ ಮರಳು ಹರಡಿದರೆ ಹುಲ್ಲು ದಟ್ಟವಾಗುತ್ತೆ ಅನ್ನೋದನ್ನು ಅವರು ಅನುಭವದಿಂದ ಕಂಡುಕೊಂಡಿದ್ದರು. ಭಾನುವಾರ ಆಟ ಬಂದ್. ಆಟಗಾರರಿಗೆ ಬೇಡವಾದರೂ ನೆಲಕ್ಕೆ ಒಂದು ದಿನ ವಿಶ್ರಾಂತಿ ಬೇಕೇ ಬೇಕು ಅನ್ನೋದು ಅವರ ಹಟ.

ಮಗ ಟಾಮಿ ಅಪ್ಪನನ್ನೂ ಮೀರಿಸಿದ. 17ರಲ್ಲೇ ಓಪನ್ ಗೆದ್ದ, ಒಟ್ಟು ನಾಲ್ಕು ಸಲ. 1875ರ ಸೆಪ್ಟೆಂಬರಲ್ಲಿ ಅಪ್ಪ ಮಗ ಇಬ್ಬರೂ ಪರವೂರಲ್ಲಿ ಆಡುತ್ತಿದ್ದಾಗ ತಂತಿ ಬಂತು. ಟಾಮಿಯ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳು, ಮಗುವೂ ಉಳಿಯಲಿಲ್ಲ. ಅದೇ ವರ್ಷ ಕ್ರಿಸ್‌ಮಸ್ ದಿನ ಟಾಮಿಯೂ ಹೋದ. ವಯಸ್ಸು 24.

ಅಪ್ಪ ಮತ್ತೆ ನೆಲಕ್ಕೇ ಮರಳಿದರು. ರೈಲು ಬಂದಂತೆ ಊರೂರಲ್ಲಿ ಕ್ಲಬ್ ಹುಟ್ಟುತ್ತಿದ್ದ ಕಾಲ ಅದು. ಟಾಮ್ ಹೋಗಿ ಜಾಗ ಪೂರ್ತಿ ನಡೆದು ನೋಡೋರು. ನೀರು ಎಲ್ಲಿ ನಿಲ್ಲುತ್ತೆ, ಗಾಳಿ ಯಾವ ಕಡೆಯಿಂದ, ತಾನಾಗೇ ಸಮತಟ್ಟಾದ ಜಾಗ ಎಲ್ಲಿದೆ ಅಂತ ಕಂಡುಕೊಂಡು ಗುರುತು ನೆಡೋರು. ಒಂದೆರಡು ದಿನದಲ್ಲಿ ಕೆಲಸ ಮುಗೀತು. 1889ರಲ್ಲಿ ಐರ್ಲೆಂಡಿನ ಕೌಂಟಿ ಡೌನ್ ಕ್ಲಬ್ ಇದಕ್ಕೆ ಮಂಜೂರು ಮಾಡಿದ್ದು ಹೆಚ್ಚೆಂದರೆ 4 ಪೌಂಡ್! ಮ್ಯೂರ್‌ಫೀಲ್ಡ್, ಡಾರ್ನಾಕ್, ಲಾಹಿಂಚ್ ಮೈದಾನಗಳಿಗೂ ಅವರದೇ ಹೆಜ್ಜೆ.

1908ರ ಮೇ ತಿಂಗಳಲ್ಲಿ, 86ರ ವಯಸ್ಸಿನಲ್ಲಿ, ಹುಟ್ಟೂರಿನ ಕ್ಲಬ್ ಒಂದರಲ್ಲಿ ಮೆಟ್ಟಿಲಿಂದ ಬಿದ್ದು ತೀರಿಕೊಂಡರು. ಸೇಂಟ್ ಆಂಡ್ರೂಸ್‌ನ ಲಿಂಕ್ಸ್ ಇವತ್ತಿಗೂ ಊರಿನ ಸಾರ್ವಜನಿಕ ಆಸ್ತಿ. ಅಲ್ಲಿನ ಹಳೇ ಮೈದಾನದಲ್ಲಿ ಭಾನುವಾರ ಸಾಮಾನ್ಯವಾಗಿ ಆಟ ಇರಲ್ಲ. ಊರ ಜನ ಮಕ್ಕಳನ್ನು, ನಾಯಿಗಳನ್ನು ಕರೆದುಕೊಂಡು ಅದೇ ಹುಲ್ಲಿನ ಮೇಲೆ ವಾಕಿಂಗ್ ಹೋಗ್ತಾರೆ.