ಯಲ್ಲಾಪ್ರಗಡ ಸುಬ್ಬರಾವ್

1923ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ, ಇಪ್ಪತ್ತೆಂಟು ವರ್ಷ ವಯಸ್ಸಿನ ಭಾರತೀಯ ತರುಣರೊಬ್ಬರು ಅಮೆರಿಕದ ಬಾಸ್ಟನ್ ನಗರಕ್ಕೆ ಬಂದಿಳಿದರು. ಅವರು ಮದರಾಸಿನಲ್ಲಿ ವೈದ್ಯಶಾಸ್ತ್ರವನ್ನು ಓದಿದ್ದರು. ಹಾರ್ವರ್ಡ್ ವಿಶ್ವವಿದ್ಯಾನಿಲಯದ ಉಷ್ಣವಲಯ ವೈದ್ಯಶಾಲೆಯಲ್ಲಿ ಪ್ರವೇಶವೂ ದೊರೆತಿತ್ತು. ಆದರೆ ವಿದ್ಯಾರ್ಥಿವೇತನ ದೊರೆತಿರಲಿಲ್ಲ. ಕೈಯಲ್ಲಿದ್ದ ಹಣ ಬಹು ಸ್ವಲ್ಪ. ಅವರೇ ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾಯರು 1895ರ ಜನವರಿ 12ರಂದು ಆಂಧ್ರದ ಭೀಮಾವರಂನಲ್ಲಿ ಜನಿಸಿದರು. ಬಾಲ್ಯದಲ್ಲಿ ಅವರಿಗೆ ಓದಿನ ಮೇಲೆ ಅಷ್ಟೇನೂ ಒಲವಿರಲಿಲ್ಲ. ಕಾಶಿಗೆ ಹೋಗಿ ಯಾತ್ರಿಕರಿಗೆ ಬಾಳೆಹಣ್ಣು ಮಾರಿ ಹಣ ಗಳಿಸಬೇಕೆಂದು ಮನೆ ಬಿಟ್ಟು ಓಡಿದ್ದ ಹುಡುಗನನ್ನು ತಾಯಿ ಹಿಡಿದು ತಂದು ಶಾಲೆಗೆ ಕಳುಹಿಸಿದರು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ತೇರ್ಗಡೆಯಾದದ್ದು ಮೂರನೆಯ ಸಲ. ಮುಂದೆ ವೈದ್ಯಕೀಯ ಕಾಲೇಜಿನಲ್ಲಿ ಗಾಂಧೀಜಿಯವರ ಕರೆಗೆ ಓಗೊಟ್ಟು ಖಾದಿ ತೊಟ್ಟರು. ಇದು ಆಂಗ್ಲ ಪ್ರಾಧ್ಯಾಪಕರಿಗೆ ಹಿಡಿಸಲಿಲ್ಲ. ಪರಿಣಾಮವಾಗಿ ಪೂರ್ಣ ಪದವಿಯ ಬದಲು ಕೆಳದರ್ಜೆಯ ಎಲ್.ಎಂ.ಎಸ್. ಮಾತ್ರ ಕೈಸೇರಿತು. ಇದೇ ಕಾಲದಲ್ಲಿ ಅವರ ಇಬ್ಬರು ಸೋದರರು ಸ್ಪ್ರೂ ಎಂಬ ಕರುಳಿನ ರೋಗಕ್ಕೆ ತುತ್ತಾದರು. ಆ ರೋಗಕ್ಕೆ ಆಗ ಔಷಧವಿರಲಿಲ್ಲ. ಬಾಸ್ಟನ್‌ವರೆಗೆ ಅವರನ್ನು ಎಳೆದುಕೊಂಡು ಹೋದದ್ದು ಈ ನೋವು.

ಅಮೆರಿಕದಲ್ಲಿ ವೈದ್ಯವೃತ್ತಿ ನಡೆಸಲು ಅವರಿಗೆ ಪರವಾನಗಿಯಿರಲಿಲ್ಲ. ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ರಾತ್ರಿಪಾಳಿಯ ಕೂಲಿಯಾಳಾಗಿ ಸೇರಿದರು. ರೋಗಿಗಳ ಮಲಮೂತ್ರದ ಪಾತ್ರೆಗಳನ್ನು ತೆಗೆದು ತೊಳೆಯುವುದು ಅವರ ಕೆಲಸ. ತಮ್ಮ ಊರಿನಲ್ಲಿ ಡಾಕ್ಟರೆಂದು ಕರೆಸಿಕೊಳ್ಳಬಹುದಾಗಿದ್ದವರು, ಅದರಲ್ಲೂ ಆ ಕಾಲದ ಸಂಪ್ರದಾಯಸ್ಥ ಮನೆತನದಲ್ಲಿ ಬೆಳೆದವರು, ಈ ಕೆಲಸಕ್ಕೆ ಕೈಹಾಕುವುದು ಸುಲಭವಾಗಿರಲಾರದು. ರಾತ್ರಿ ದುಡಿದು, ಹಗಲು ತರಗತಿಗೆ ಹೋಗಿ, 1924ರಲ್ಲಿ ಡಿಪ್ಲೊಮಾ ಪಡೆದರು.

ಅನಂತರ ಜೀವರಸಾಯನ ವಿಭಾಗದಲ್ಲಿ ಸೈರಸ್ ಫಿಸ್ಕ್ ಅವರೊಡನೆ ಸಂಶೋಧನೆಗೆ ತೊಡಗಿದರು. ರಕ್ತದಲ್ಲಿಯೂ ಮೂತ್ರದಲ್ಲಿಯೂ ಇರುವ ರಂಜಕದ ಪ್ರಮಾಣವನ್ನು ಅಳೆಯುವ ಸುಲಭ ವಿಧಾನವೊಂದನ್ನು ಇಬ್ಬರೂ ಸೇರಿ 1925ರಲ್ಲಿ ಪ್ರಕಟಿಸಿದರು. ಪರೀಕ್ಷಿಸಬೇಕಾದ ದ್ರವಕ್ಕೆ ಮಾಲಿಬ್ಡೇಟ್ ಮತ್ತು ಇನ್ನೊಂದು ರಾಸಾಯನಿಕವನ್ನು ಸೇರಿಸಿದರೆ ನೀಲಿ ಬಣ್ಣ ಮೂಡುತ್ತದೆ. ರಂಜಕ ಹೆಚ್ಚಿದ್ದಷ್ಟೂ ನೀಲಿ ಗಾಢವಾಗುತ್ತದೆ. ಹಿಂದೆ ರಾತ್ರಿಯೆಲ್ಲ ಮೂತ್ರದ ಪಾತ್ರೆ ತೊಳೆದ ಕೈಗಳೇ ಇಲ್ಲಿ ಮೂತ್ರದ ಹನಿಗಳಿಂದ ಶಾಸ್ತ್ರವನ್ನು ಹಿಂಡಿದವು ಎಂಬುದನ್ನು ನೆನೆದಾಗ ನನಗೆ ವಿಸ್ಮಯವಾಗುತ್ತದೆ. ಇದೇ ವಿಧಾನದ ಬಲದಿಂದ ಅವರು ಸ್ನಾಯುಗಳಲ್ಲಿ ಫಾಸ್ಫೋಕ್ರಿಯಾಟಿನ್ ಎಂಬ ವಸ್ತುವನ್ನು 1927ರಲ್ಲಿ ಕಂಡರು. 1929ರಲ್ಲಿ ಜೀವಕೋಶಗಳ ಶಕ್ತಿಯ ನಾಣ್ಯವೆನಿಸಿದ ಎ.ಟಿ.ಪಿ.ಯ ಬಗೆಗೂ ಪ್ರಕಟಿಸಿದರು. ಜರ್ಮನಿಯ ಲೋಮನ್ ಅವರೂ ಅದೇ ವರ್ಷ ಅದನ್ನು ಕಂಡುಹಿಡಿದರು. ಸುಬ್ಬರಾಯರಿಗೆ ಪಿಎಚ್.ಡಿ. ಪದವಿ ದೊರೆತದ್ದು ಇದಾದ ಮೇಲೆ, 1930ರಲ್ಲಿ.

ಈ ಸಾಧನೆಯ ಬೆಲೆಯನ್ನು ಊರಿನಲ್ಲಿ ಉಳಿದವರೂ ತೆತ್ತರು. ಬೇಗನೆ ಮರಳುವೆನೆಂದು ಹೊರಟವರು ಮರಳಲಿಲ್ಲ. ಅವರು ಹೊರಟ ಮೇಲೆ ಜನಿಸಿದ ಗಂಡುಮಗು ಎಳವೆಯಲ್ಲೇ ತೀರಿಕೊಂಡಿತು. ತಂದೆ ಅದರ ಮುಖವನ್ನು ಕಾಣಲಿಲ್ಲ. ಪತ್ನಿಯನ್ನೂ ಅವರು ಮತ್ತೆ ನೋಡಲಿಲ್ಲ. ಇದು ಸರಿಯೇ ಎಂದು ಕೇಳಿದರೆ ನನ್ನಲ್ಲಿ ಉತ್ತರವಿಲ್ಲ.

ಹಾರ್ವರ್ಡ್‌ನಲ್ಲಿ ಖಾಯಂ ಸ್ಥಾನ ದೊರೆಯದೆ, 1940ರಲ್ಲಿ ಲೆಡರ್ಲಿ ಪ್ರಯೋಗಾಲಯವನ್ನು ಸೇರಿದರು. ಅಲ್ಲಿ ಅವರ ನೇತೃತ್ವದ ತಂಡ 1945ರಲ್ಲಿ ಫೋಲಿಕ್ ಆಮ್ಲವನ್ನು ಕೃತಕವಾಗಿ ತಯಾರಿಸಿತು. ಆನೆಕಾಲು ರೋಗಕ್ಕೆ ಹೆಟ್ರಜಾನ್ ಎಂಬ ಔಷಧ ಬಂದದ್ದೂ ಅಲ್ಲಿಂದಲೇ. ಅದೇ ತಂಡ ಸಿದ್ಧಪಡಿಸಿದ ಅಮೈನಾಪ್ಟರಿನ್‌ನಿಂದ ರಕ್ತದ ಕ್ಯಾನ್ಸರಿಗೆ ಗುರಿಯಾದ ಮಕ್ಕಳು ಕೆಲಕಾಲವಾದರೂ ಚೇತರಿಸಿಕೊಂಡರು.

1948ರ ಆಗಸ್ಟ್‌ನಲ್ಲಿ, ಐವತ್ತಮೂರನೆಯ ವಯಸ್ಸಿನಲ್ಲಿ, ಸುಬ್ಬರಾಯರು ನ್ಯೂಯಾರ್ಕಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಅಷ್ಟರಲ್ಲಿ ವೈದ್ಯರು ಸ್ಪ್ರೂ ರೋಗಿಗಳಿಗೆ ಫೋಲಿಕ್ ಆಮ್ಲವನ್ನು ಕೊಡಲಾರಂಭಿಸಿದ್ದರು.